ಏನಂದೆ ಮೇಷ್ಟ್ರು

ಶಿಕ್ಷಕರ ತರಬೇತಿಯ ಮೂರನೆಯ ದಿನ ಬೆಳಿಗ್ಗೆ, ತರಬೇತಿ ಕೊಡುವ ಹುಡುಗಿ ಮೈಕನ್ನು ಮೇಜಿನ ಮೇಲೆ ಮಲಗಿಸಿಬಿಟ್ಟಳು. ನಲವತ್ತೇ ಜನ ಇದ್ದೇವಲ್ಲ, ನಮ್ಮ ನಮ್ಮಲ್ಲಿ ಇದೇಕೆ ಎಂದೋ ಏನೋ ಹೇಳಿರಬೇಕು. ಹಿಂದಿನ ಸಾಲಿನವರು ನಕ್ಕರು, ಅವನೂ ನಕ್ಕ. ಎರಡು ವರ್ಷದಿಂದ ನಗುವುದರಲ್ಲಿ ಅವನು ಎಲ್ಲರಿಗಿಂತ ಅರ್ಧ ಗಳಿಗೆ ಹಿಂದೆ. ಬೇರೆಯವರ ಬಾಯಿ ಅಗಲವಾದದ್ದನ್ನು ಕಂಡು ತನ್ನದನ್ನು ಅಗಲಿಸಬೇಕು, ಅವರದು ಮುಚ್ಚುವ ಮುಂಚೆ ತಾನು ಮುಚ್ಚಬಾರದು. ಮೈಕು ಇದ್ದ ಎರಡು ದಿನ ಹೇಗೋ ಕಳೆದಿದ್ದವು. ಡಬ್ಬಿಯೊಳಗಿಂದ ಬಂದಂತೆ ದಪ್ಪಗಾಗಿ ಬರುತ್ತಿದ್ದ ಅವಳ ದನಿಯಲ್ಲಿ ಹತ್ತಕ್ಕೆ ಆರು ಮಾತು ಸಿಗುತ್ತಿತ್ತು, ಉಳಿದ ನಾಲ್ಕನ್ನು ಕೊಟ್ಟಿದ್ದ ಕೈಪಿಡಿಯಲ್ಲಿ ಹುಡುಕಿಕೊಳ್ಳುತ್ತಿದ್ದ. ಈಗ ಅವಳ ತುಟಿ ಆಡುತ್ತಿತ್ತು, ಕೈ ಆಡುತ್ತಿತ್ತು, ಕೊರಳಲ್ಲಿ ನೇತುಹಾಕಿಕೊಂಡಿದ್ದ ಗುರುತಿನ ಚೀಟಿ ಆಡುತ್ತಿತ್ತು. ದನಿ ಮಾತ್ರ ಪಕ್ಕದ ಮನೆಯಲ್ಲಿ ಯಾರೋ ನಲ್ಲಿ ಬಿಟ್ಟ ಹಾಗೆ. ಅವನು ಮೊದಲ ಸಾಲಿನ ಎಡತುದಿಯ ಕುರ್ಚಿ ಹಿಡಿದಿದ್ದ. ಬಲಗಿವಿ ಸ್ವಲ್ಪ ವಾಸಿ, ಅದನ್ನು ಕೋಣೆಯ ಕಡೆ ಒಡ್ಡಬಹುದು ಎಂಬ ಲೆಕ್ಕ. ರಿಟೈರ್ ಆಗೋ ವಯಸ್ಸಲ್ಲೂ ಮುಂದಿನ ಬೆಂಚು ಬಿಡಲ್ಲ ನೋಡಿ ಮೇಷ್ಟ್ರು, ಎಂದು ಮೊದಲ ದಿನವೇ ಯಾರೋ ಹೊಗಳಿದ್ದರು. ಆ ಯಾರೋ ಗಂಡಸು, ಆದ್ದರಿಂದ ಕೇಳಿಸಿತ್ತು.

ಗಂಡಸರ ಮಾತು ಕೇಳುತ್ತಿತ್ತು. ಅದೇ ಅವನನ್ನು ಇಷ್ಟು ದಿನ ಕಾಪಾಡಿದ್ದೂ ಕೆಡಿಸಿದ್ದೂ. ಕಿವಿಯ ಡಾಕ್ಟರು ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದ್ದರು. ಎಡದಿಂದ ನೆಟ್ಟಗೆ ಹೊರಟ ಗೆರೆ ಅರ್ಧಕ್ಕೆ ಬಂದಮೇಲೆ ಮೆಟ್ಟಿಲು ಇಳಿದ ಹಾಗೆ ಇಳಿದು ಹಾಳೆಯ ತಳ ಸೇರಿತ್ತು. "ದಪ್ಪ ದನಿ ಚೆನ್ನಾಗೇ ಕೇಳುತ್ತೆ ನಿಮಗೆ. ಸಣ್ಣ ದನಿ ಹೋಗಿದೆ. ಹೆಂಗಸರದು, ಮಕ್ಕಳದು. ಕೆಲಸ ಏನು ಮಾಡ್ತೀರಿ?" ಎಂದಿದ್ದರು. ಅವನು ಆಫೀಸಿನಲ್ಲಿ ಗುಮಾಸ್ತ ಎಂದ. ಯಾಕೆ ಹಾಗೆಂದೆ ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಯೋಚಿಸಿದ್ದ. ಮೇಷ್ಟ್ರು ಎಂದಿದ್ದರೆ ಡಾಕ್ಟರು ತಲೆ ಎತ್ತಿ ನೋಡುತ್ತಿದ್ದರು, ಆ ನೋಟ ಬೇಡವಾಗಿತ್ತು. ಕಿವಿಗೆ ಇಡುವ ಯಂತ್ರಕ್ಕೆ ಬರೆದುಕೊಟ್ಟ ಚೀಟಿಯನ್ನು ಹರಿದು ಹಾಕಿದ. ಯಂತ್ರ ಎಂದರೆ ಎಲ್ಲರಿಗೂ ಕಾಣುವಂಥದ್ದು. ಕಂಡರೆ ಕೇಳುತ್ತಾರೆ, ಕೇಳಿದರೆ ತನಿಖೆ, ತನಿಖೆ ಎಂದರೆ ಅನರ್ಹ ಎಂಬ ಒಂದು ಮೊಹರು. ಮನೆಯಲ್ಲಿ ಹೆಂಡತಿ ಏನೂ ಕೇಳಲಿಲ್ಲ. ಅಡುಗೆಮನೆಯಿಂದ ಕೂಗುವುದನ್ನು ಒಂದು ದಿನ ನಿಲ್ಲಿಸಿದಳು, ಅಷ್ಟೆ. ಏನು ಹೇಳಬೇಕಾದರೂ ಕೈ ಒರೆಸಿಕೊಂಡು ಬಂದು ಎದುರು ನಿಂತು ಹೇಳತೊಡಗಿದಳು. "ನಿಮಗೊಂದು ಗುಟ್ಟು ಹೇಳ್ಬೇಕು ಅಂದ್ರೆ ಮೊದಲು ಬೀದಿಗೆಲ್ಲ ಹೇಳಬೇಕು" ಎಂದು ಒಂದು ಸಲ ನಕ್ಕಿದ್ದಳು. ಅದರಲ್ಲಿ ಕೊಂಕು ಇರಲಿಲ್ಲ. ಕೊಂಕು ಇದ್ದಿದ್ದರೆ ಅವನಿಗೆ ಸಿಟ್ಟು ಮಾಡಲು ಅನುಕೂಲವಾಗುತ್ತಿತ್ತು.

ತರಬೇತಿಯ ಹುಡುಗಿ ಕರಿಹಲಗೆಯ ಮೇಲೆ ಬರೆಯತೊಡಗಿದಳು, ಅವನಿಗೆ ಜೀವ ಬಂತು. ಬರೆದದ್ದು ಅವನದೇ ರಾಜ್ಯ. ತರಗತಿಯಲ್ಲೂ ಅವನು ಇದೇ ಉಪಾಯ ಕಂಡುಕೊಂಡಿದ್ದ: ಬಾಯಲ್ಲಿ ಹೇಳಬೇಡಿ, ಬಂದು ಹಲಗೆ ಮೇಲೆ ಬರೆದು ತೋರಿಸಿ. ತಪಾಸಣೆಗೆ ಬಂದವರು ಅದನ್ನು ಮೆಚ್ಚಿ ಮಕ್ಕಳನ್ನು ತೊಡಗಿಸುವ ವಿಧಾನ ಎಂದು ವರದಿಯಲ್ಲಿ ಬರೆದಿದ್ದರು. ಆದರೆ ಅರವತ್ತು ಮಕ್ಕಳನ್ನು ದಿನವಿಡೀ ಹಲಗೆಗೆ ಕರೆಯಲು ಆಗುವುದಿಲ್ಲ. ಬಾಯಿಲೆಕ್ಕ ಕೇಳಲೇಬೇಕು, ಬಾಯಿಲೆಕ್ಕಕ್ಕೆ ಇಪ್ಪತ್ತು ಅಂಕ. ಎಪ್ಪತ್ತು, ಎಂಬತ್ತು, ತೊಂಬತ್ತು, ಎಲ್ಲಕ್ಕೂ ಬಾಲ ಒಂದೇ, ತಲೆಯಷ್ಟೇ ಬೇರೆ. ಅವನಿಗೆ ಕೇಳುವುದು ಬಾಲ ಮಾತ್ರ. ಏನಂದೆ? ಇನ್ನೊಂದ್ಸಲ ಹೇಳು. ಏನಂದೆ? ಹುಡುಗರ ಪಾಯಿಖಾನೆಯ ಗೋಡೆಯ ಮೇಲೆ ಇದ್ದಲಿನಲ್ಲಿ ಏನಂದೆ ಮೇಷ್ಟ್ರು ಎಂದು ಬರೆದು ಪಕ್ಕದಲ್ಲಿ ಮೊರದಗಲ ಎರಡು ಕಿವಿಗಳ ಚಿತ್ರ ಬಿಡಿಸಿದ್ದರು. ಅದನ್ನು ನೋಡಿ ಅವನಿಗೆ ಒಂದು ಬಗೆಯ ಸಮಾಧಾನವೇ ಆಗಿತ್ತು: ಮಕ್ಕಳು ಅದನ್ನು ಕಟ್ಟುನಿಟ್ಟು ಎಂದುಕೊಂಡಿದ್ದಾರೆ, ಕಿವುಡು ಎಂದುಕೊಂಡಿಲ್ಲ. ಏಳನೆಯ ತರಗತಿಯಲ್ಲಿ ಕೆಲವು ಹುಡುಗರಿಗೆ ಆಗಲೇ ಗಂಟಲು ಒಡೆದಿತ್ತು. ಅವರ ಉತ್ತರ ಅವನಿಗೆ ಸ್ಪಷ್ಟವಾಗಿ ತಲುಪುತ್ತಿತ್ತು. ಅವರಿಗೆ ಭೇಷ್ ಎನ್ನುತ್ತಿದ್ದ, ಅವರನ್ನೇ ಹೆಚ್ಚು ಕೇಳುತ್ತಿದ್ದ, ಅವರು ಲೆಕ್ಕದಲ್ಲಿ ಮುಂದಾದರು. ಅರ್ಧವರ್ಷದ ಕೊನೆಗೆ ಕಲಿಕೆಯಲ್ಲಿ ಹಿಂದುಳಿದವರ ಪಟ್ಟಿ ಕೊಡಬೇಕಾದಾಗ ಬಾಯಿಲೆಕ್ಕದ ಅಂಕಗಳಿಂದಲೇ ಹನ್ನೊಂದು ಹೆಸರು ತೆಗೆದ. ಶುದ್ಧಪ್ರತಿ ಬರೆಯುವಾಗ ಕೈ ನಿಂತಿತು. ಹನ್ನೊಂದರಲ್ಲಿ ಒಂಬತ್ತು ಹೆಣ್ಣುಮಕ್ಕಳು. ಇನ್ನಿಬ್ಬರು ಹುಡುಗರು ತರಗತಿಯಲ್ಲೇ ಚಿಕ್ಕವರು, ಇನ್ನೂ ಹಾಲುಗಂಟಲಿನವರು. ಅವನು ಹೆಸರುಗಳನ್ನು ಇನ್ನೊಮ್ಮೆ ಎಣಿಸಿದ. ಆಮೇಲೆ ರುಜು ಹಾಕಿದ.

ಪಟ್ಟಿಯ ನಾಲ್ಕನೆಯ ಹೆಸರು ಎರಡು ಜಡೆಯವಳದು. ಮಕ್ಕಳನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು ಅವನು ಗುರುತು ಹಿಡಿದು ಕರೆಯುತ್ತಿದ್ದ: ಏ ಕನ್ನಡಕ, ಏ ಕಿಟಕಿ ಪಕ್ಕದವನೇ, ಏ ಎರಡು ಜಡೆ. ಮುನ್ನೂರ ಅರವತ್ತನ್ನು ಐದು ಜನಕ್ಕೆ ಹಂಚಿದರೆ ಒಬ್ಬೊಬ್ಬರಿಗೆ ಎಷ್ಟು ಎಂದು ಕೇಳಿದ್ದ. ಅವಳು ಎದ್ದು ನಿಂತು ಹೇಳಿದಳು. ತೊಂಬತ್ತೆರಡು ಎಂದು ಕೇಳಿಸಿತು. ಏನಂದೆ? ಮತ್ತೆ ಹೇಳಿದಳು, ಮತ್ತೆ ತೊಂಬತ್ತೆರಡು. ಸರಿಯಾಗಿ ಯೋಚನೆ ಮಾಡಿ ಹೇಳು. ಅವಳು ಕಣ್ಣು ಮುಚ್ಚಿ ಯೋಚನೆ ಮಾಡಿ ಅದನ್ನೇ ಹೇಳಿದಳು. ಹಿಂದಿನ ಬೆಂಚು ನಕ್ಕಿತು. ನಗು ದಪ್ಪದು, ಅದು ಪೂರ್ತಿ ಕೇಳಿಸಿತು. ತನ್ನನ್ನು ಆಡಿಕೊಳ್ಳುತ್ತಿದ್ದಾರೆ, ಈ ಹುಡುಗಿ ಬೇಕೆಂದೇ ಆಡಿಸುತ್ತಿದ್ದಾಳೆ ಎಂದು ಅವನ ನೆತ್ತಿ ಬಿಸಿಯಾಯಿತು. ಹೋಗಿ ಅವಳ ಕಿವಿ ಹಿಂಡಿದ. ಸುಮ್ಮನೆ ಹಿಡಿದದ್ದಲ್ಲ, ಕೀಲಿ ತಿರುಗಿಸಿದ ಹಾಗೆ ಹಿಂಡಿದ. ಅವಳು ತುದಿಗಾಲ ಮೇಲೆ ನಿಂತಳು. ಅವಳ ಬಾಯಿಂದ ಆಗ ಬೇರೆ ಬೇರೆ ಉತ್ತರಗಳು ಒಂದರ ಮೇಲೊಂದು ಬರತೊಡಗಿದವು, ಮೇಷ್ಟ್ರಿಗೆ ಯಾವುದು ಬೇಕೋ ಅದನ್ನು ಎತ್ತಿಕೊಳ್ಳಲಿ ಎನ್ನುವ ಹಾಗೆ. ಅವಳನ್ನು ಬಾಗಿಲ ಹತ್ತಿರ ನಿಲ್ಲಿಸಿ ಗಂಟಲೊಡೆದ ಹುಡುಗನೊಬ್ಬನನ್ನು ಕೇಳಿದ. ಎಪ್ಪತ್ತೆರಡು ಸಾರ್. ಭೇಷ್, ನೋಡಿ ಕಲಿ. ಅವಧಿ ಮುಗಿದು ಪುಸ್ತಕಗಳನ್ನು ಒಟ್ಟುಮಾಡುವಾಗ ಅವಳ ಬೆಂಚಿನ ಮೇಲೆ ತೆರೆದೇ ಇದ್ದ ಪುಟದಲ್ಲಿ ದುಂಡಗೆ 72 ಎಂದು ಬರೆದಿತ್ತು, ಕೆಳಗೆ ಎರಡು ಗೆರೆ ಎಳೆದಿತ್ತು. ಅವನು ಪುಸ್ತಕ ಮುಚ್ಚಿದ. ಅವಳು ಇನ್ನೂ ಬಾಗಿಲ ಹತ್ತಿರವೇ ಇದ್ದಳು, ಹತ್ತು ಹೆಜ್ಜೆ ದೂರದಲ್ಲಿ. ಅವತ್ತಿನಿಂದ ಅವಳು ತರಗತಿಯಲ್ಲಿ ಬಾಯಿ ತೆರೆಯಲಿಲ್ಲ. ಅವಳ ತಾಯಿ, ಇಸ್ತ್ರಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಒಂದು ದಿನ ಬಂದು ಗೇಟಿನ ಹತ್ತಿರ ಅವನಿಗೆ ಏನೇನೋ ಹೇಳಿದಳು. ಅರ್ಥವಾದದ್ದು ಎರಡೇ ಮಾತು, ಮನೇಲಿ ಹೇಳ್ತಾಳೆ ಮತ್ತು ಮೂಗಿ. ನೋಡೋಣಮ್ಮ ಎಂದ. ಈಗ ಆ ಹನ್ನೊಂದು ಮಕ್ಕಳು ಮಧ್ಯಾಹ್ನದ ಮೇಲೆ ಜಗಲಿಯಲ್ಲಿ ನಾಲ್ಕನೆಯ ತರಗತಿಯ ಪುಸ್ತಕ ಹಿಡಿದು ಕೂರುತ್ತವೆ. ಅವನು ಆ ಜಗಲಿ ತಪ್ಪಿಸಿ, ಹಿಂದಿನ ಬಾಗಿಲಿನಿಂದ ಸಿಬ್ಬಂದಿ ಕೋಣೆಗೆ ಹೋಗುತ್ತಾನೆ.

ಕುರ್ಚಿಗಳು ಸರಿದಾಡತೊಡಗಿದಾಗ ತಾನೂ ಕುರ್ಚಿ ತಿರುಗಿಸಬೇಕೆಂದು ಅವನಿಗೆ ತಿಳಿಯಿತು. ಹಲಗೆಯ ಮೇಲೆ ದೊಡ್ಡದಾಗಿ ಆಲಿಸುವುದು ಎಂದು ಬರೆದು ಕೆಳಗೆ ನಿಯಮಗಳಿದ್ದವು. ಶಿಕ್ಷಕಿಯಾಗಿ, ಶಿಕ್ಷಕನಾಗಿ ನಿಮ್ಮನ್ನು ಇನ್ನೂ ಕಾಡುವ ಒಂದು ಘಟನೆಯನ್ನು ಜೊತೆಗಾರರಿಗೆ ಹೇಳಿ. ಜೋಡಿಗೆ ಒಬ್ಬರು, ಐದು ನಿಮಿಷ. ಕೇಳುವವರು ಮಾತಾಡಬಾರದು, ಬರೆದುಕೊಳ್ಳಬಾರದು. ಆಮೇಲೆ ಕೇಳಿದವರು ಅದನ್ನು 'ನಾನು' ಎಂದೇ ಎಲ್ಲರ ಮುಂದೆ ಹೇಳಬೇಕು. ಅವನ ಹಿಂದೆ ಕೂತಿದ್ದವನೊಬ್ಬ, "ನಮಗೆ ಆಲಿಸೋದು ಕಲಿಸ್ತಾರಂತೆ, ಕೋಣನ ಮುಂದೆ ಕಿನ್ನರಿ" ಎಂದದ್ದು ಚೆನ್ನಾಗಿ ಕೇಳಿಸಿತು. ಜೊತೆಗಾರನಾಗಿ ಅವನೇ ಸಿಗಲಿ ಎಂದು ಆಸೆಯಿಂದ ತಿರುಗಿದ. ಆದರೆ ಎದುರಿಗೆ ಬಂದು ಕೂತದ್ದು ನೀಲಿ ಸ್ವೆಟರಿನ ಟೀಚರು. ಬೇರೆ ಶಾಲೆಯವಳು, ಭಾಷೆ ಕಲಿಸುವವಳು, ಮೂವತ್ತೈದರ ಆಸುಪಾಸು; ಎರಡು ದಿನದಿಂದ ಯಾರ ಜೊತೆಗೂ ಹೆಚ್ಚು ಬೆರೆಯದೆ ಕಿಟಕಿಯ ಪಕ್ಕ ಕೂತು ಚಹಾ ಕುಡಿಯುತ್ತಿದ್ದಳು. ಅವನು ನೀವೇ ಹೇಳಿ ಎಂಬಂತೆ ಕೈ ತೋರಿಸಿದ. ಅವಳು ತಲೆ ತಗ್ಗಿಸಿ, ತನ್ನ ಬೆರಳುಗಳಿಗೆ ಹೇಳುವಂತೆ ಹೇಳತೊಡಗಿದಳು. ತುಟಿ ಕಾಣಲಿ ಎಂದು ಅವನು ಬಗ್ಗಿದ, ಅವಳು ಇನ್ನಷ್ಟು ಬಗ್ಗಿದಳು. ಸುತ್ತ ನಲವತ್ತು ಜನರಲ್ಲಿ ಇಪ್ಪತ್ತು ಜನ ಒಟ್ಟಿಗೆ ಮಾತಾಡುತ್ತಿದ್ದರು, ಮೇಲೆ ಫ್ಯಾನು. ಬಾವಿ ಎಂದಳೇ, ಸಾವಿರ ಎಂದಳೇ, ಮಗು ಎಂದಳೇ, ನಗು ಎಂದಳೇ? ಅವನು ತಲೆ ಆಡಿಸುತ್ತಿದ್ದ. ಹತ್ತು ಎಣಿಸಿ ಒಂದು ಸಲ, ಮತ್ತೆ ಹತ್ತು ಎಣಿಸಿ ಒಂದು ಸಲ. ನಡುವೆ ಹುಬ್ಬು ಸ್ವಲ್ಪ ಮೇಲೆ. ಅವಳ ಬಾಯಿಯ ಅಂಚು ಎಳೆದುಕೊಂಡಿತು. ನಕ್ಕಳು ಎಂದುಕೊಂಡು ಅವನೂ ನಕ್ಕ, ಹಲ್ಲು ಕಾಣುವಷ್ಟು ನಕ್ಕ. ಅದು ನಗುವಲ್ಲ. ಅವಳ ಗಲ್ಲ ನಡುಗಿತು, ಕಣ್ಣು ತುಂಬಿತು, ತಲೆ ಎತ್ತಿ ಅವನ ಹಲ್ಲುಗಳನ್ನು ನೋಡಿದಳು. ಅವನು ಬಾಯಿ ಮುಚ್ಚಿದ. ಆದರೂ ಅವಳು ನಿಲ್ಲಿಸಲಿಲ್ಲ, ಶುರುಮಾಡಿದ್ದನ್ನು ಮುಗಿಸಲೇಬೇಕು ಎನ್ನುವಂತೆ, ಅವನ ಭುಜದ ಆಚೆ ಗೋಡೆಯನ್ನು ನೋಡುತ್ತ ಕೊನೆಯವರೆಗೂ ಹೇಳಿದಳು.

ತರಬೇತಿಯ ಹುಡುಗಿ ಚಪ್ಪಾಳೆ ತಟ್ಟಿ ಸಮಯವಾಯಿತೆಂದು ತೋರಿಸಿದಳು. ಕೇಳಿದವರು ಎದ್ದು ಹೇಳುವ ಸರದಿ ಬಂತು. ಎರಡು ಜೋಡಿಗಳದು ಮುಗಿಯಿತು, ಮೂರನೆಯದಕ್ಕೆ ಅವಳ ಕೈ ಅವನತ್ತ ಚಾಚಿತು, ಮೊದಲ ಸಾಲಿನ ಹುರುಪಿನ ಹಿರಿಯರಲ್ಲವೇ. ಅವನು ಎದ್ದು ನಿಂತ. ನನಗೆ ಹುಷಾರಿಲ್ಲ ಎನ್ನಬಹುದಿತ್ತು, ಮರೆತೆ ಎನ್ನಬಹುದಿತ್ತು. ನಲವತ್ತು ಮುಖಗಳು ಅವನ ಕಡೆ ತಿರುಗಿದ್ದವು. ಎಷ್ಟೋ ವರ್ಷದಿಂದ ಮುಖಗಳ ಮುಂದೆ ನಿಂತು ಮಾತಾಡಿದ ನಾಲಿಗೆ ತಾನಾಗಿಯೇ ಹೊರಟುಬಿಟ್ಟಿತು. ನಾನು ಒಂದು ಹುಡುಗಿಯ ಕಿವಿ ಹಿಂಡಿದೆ, ಎಂದ. ಸರಿಯಾದ ಉತ್ತರ ಕೊಟ್ಟಿದ್ದಕ್ಕೆ ಹಿಂಡಿದೆ. ಅವಳು ಎಪ್ಪತ್ತೆರಡು ಅಂದಳು, ನನಗೆ ಬೇರೆ ಕೇಳಿಸಿತು. ಆಮೇಲೆ ಪುಸ್ತಕ ನೋಡಿದೆ, ಗೊತ್ತಾಯಿತು. ಗೊತ್ತಾದ ಮೇಲೂ ಏನೂ ಹೇಳಲಿಲ್ಲ. ಅವಳನ್ನು ದಡ್ಡರ ಪಟ್ಟಿಗೆ ಸೇರಿಸಿದೆ. ಯಾರೂ ಅಲುಗಾಡುತ್ತಿರಲಿಲ್ಲ. ತರಬೇತಿಯ ಹುಡುಗಿ ಹತ್ತಿರ ಬಂದು, ಮುಖ ಎತ್ತಿ, ಒಂದೊಂದೇ ಮಾತು ಬಿಡಿಸಿ ಕೇಳಿದ್ದರಿಂದ ತಿಳಿಯಿತು: ಯಾಕೆ ಬೇರೆ ಕೇಳಿಸಿತು? ಅವನು, "ನನಗೆ ಎರಡು ವರ್ಷದಿಂದ ಕಿವಿ ಕೇಳಲ್ಲ. ಯಾರಿಗೂ ಹೇಳಿಲ್ಲ" ಎಂದ. ಹೆಂಡತಿಗೂ ಹೇಳದ ಮಾತು. ಹೇಳಿದ ಕೂಡಲೇ ಎದೆಯ ಮೇಲಿನಿಂದ ಯಾರೋ ಎದ್ದುಹೋದಂತೆ ಉಸಿರು ಸಲೀಸಾಗಿ ಒಳಗೆ ಬಂತು. ಆ ನೆಮ್ಮದಿಯಲ್ಲೇ ಅವನು ಮುಖಗಳನ್ನು ನೋಡಿದ. ನಲವತ್ತರಲ್ಲಿ ಒಂದೂ ಅವನನ್ನು ನೋಡುತ್ತಿರಲಿಲ್ಲ. ಎಲ್ಲವೂ ಅವನ ಪಕ್ಕದ ಕುರ್ಚಿಯ ಕಡೆ, ನೀಲಿ ಸ್ವೆಟರಿನ ಕಡೆ ತಿರುಗಿದ್ದವು.

ಆಗ ಬಾಯಿ ಬಿಟ್ಟಿದ್ದರೆ ಒಂದೇ ಮಾತಿನ ಕೆಲಸ. ಇದು ಇವರದಲ್ಲ, ನನ್ನದು. ಅವನು ಬಾಯಿ ತೆರೆದದ್ದೂ ನಿಜ. ಅಷ್ಟರಲ್ಲಿ ಚಪ್ಪಾಳೆ ಶುರುವಾಯಿತು, ಹುಡುಗಿ ಟೀಚರಿನ ಮುಂದೆ ಮಂಡಿಯೂರಿ ಅವಳ ಎರಡೂ ಕೈ ಹಿಡಿದು ಏನೋ ಕೇಳಿದಳು. ಟೀಚರು ಅವನನ್ನು ನೋಡಿದಳು. ಆ ನೋಟ ತುಂಬ ಹೊತ್ತು ಇದ್ದಂತೆ ಅನಿಸಿತು. ಆಮೇಲೆ ಹುಡುಗಿಯ ಕಡೆ ತಿರುಗಿ ಒಂದೇ ಒಂದು ಸಣ್ಣ ಮಾತು ಹೇಳಿ ತಲೆ ತಗ್ಗಿಸಿದಳು. ಅಲ್ಲ ಎಂದಿರಬೇಕು, ಈಗ ಎಲ್ಲರೂ ನನ್ನತ್ತ ತಿರುಗುತ್ತಾರೆ, ಎಂದು ಕಾದ. ಯಾರೂ ತಿರುಗಲಿಲ್ಲ. ಬದಲಿಗೆ ಹಿಂದಿನ ಸಾಲಿನ ಗಂಡಸು ಅವನ ಬೆನ್ನು ತಟ್ಟಿ, "ಎಷ್ಟು ಮನಸಿಟ್ಟು ಕೇಳಿದ್ದೀರಿ ಮೇಷ್ಟ್ರೇ, ನಿಮಗೇ ಆದ ಹಾಗೆ ಹೇಳಿದ್ರಿ" ಎಂದ. ಅವನು ಕೂತುಕೊಂಡ. ಹೇಳುವ ಹೊತ್ತು ಅವನ ಕಣ್ಣೆದುರೇ ಎದ್ದು ಹೋಗಿತ್ತು.

ಊಟದ ಬಿಡುವಿನಲ್ಲಿ ಎಲ್ಲರೂ ಅವಳ ಹತ್ತಿರ ಹೋಗಿ ಮಾತಾಡಿಸುತ್ತಿದ್ದರು. ಒಬ್ಬರೂ ಸಾಧಾರಣವಾಗಿ ಮಾತಾಡಲಿಲ್ಲ. ಕಿವಿಯ ಹತ್ತಿರ ಬಗ್ಗಿ, ಬಾಯಿ ದೊಡ್ಡದು ಮಾಡಿ, ಕುತ್ತಿಗೆಯ ನರ ಉಬ್ಬಿಸಿ ಕೂಗುತ್ತಿದ್ದರು. ಅಷ್ಟು ದೂರ ಕೂತ ಅವನಿಗೂ ತುಂಡುತುಂಡು ಕೇಳಿಸಿತು. "ಊಟ ಆಯ್ತಾ ಮೇಡಂ?" "ತಪ್ಪು ಎಲ್ಲರಿಂದಲೂ ಆಗುತ್ತೆ ಮೇಡಂ, ಆದರೆ ಮಗು ಪಾಪ." ಒಬ್ಬಳು ಕೈಸನ್ನೆಯಲ್ಲೇ ನೀರು ಬೇಕೇ ಎಂದು ಕೇಳಿದಳು. ಅವಳು ಎಲ್ಲಕ್ಕೂ ತಲೆ ಆಡಿಸುತ್ತಿದ್ದಳು. ಜನ ಚದುರಿದ ಮೇಲೆ ಅವನು ತನ್ನ ಊಟದ ಡಬ್ಬಿಯನ್ನು ತೆರೆಯದೆ ಹಿಡಿದುಕೊಂಡೇ ಹೋಗಿ ಎದುರು ನಿಂತ. ಅವಳು ಏನೋ ಹೇಳಿದಳು.

"ಏನಂದ್ರಿ?" ಎಂದ.

ಅವಳು ಮತ್ತೆ ಹೇಳಲಿಲ್ಲ. ತರಬೇತಿಯವರು ಕೊಟ್ಟಿದ್ದ ನೋಟುಪುಸ್ತಕ ತೆಗೆದು ಬರೆದು ಅವನ ಕಡೆ ತಿರುಗಿಸಿದಳು. ಭಾಷೆ ಕಲಿಸುವವರ ಅಕ್ಷರ, ಒಂದೂ ಒತ್ತು ತಪ್ಪದ್ದು. ನಾನು ಹೇಳಿದ್ದರಲ್ಲಿ ಒಂದು ಮಾತಾದರೂ ಕೇಳಿಸಿತೇ?

"ಇಲ್ಲ."

ನಕ್ಕಿರಿ, ಎಂದು ಬರೆದಳು.

"ನೀವು ನಕ್ಕಿರಿ ಅಂದುಕೊಂಡೆ. ಅದಕ್ಕೆ." ತನ್ನ ದನಿ ಎಷ್ಟು ಜೋರಾಗಿದೆಯೋ ಗೊತ್ತಾಗದೆ ಅವನು ಸುತ್ತ ನೋಡಿದ. "ಅವರು ಕೇಳಿದಾಗ ಅಲ್ಲ ಅಂತ ಯಾಕೆ ಹೇಳಲಿಲ್ಲ?"

ಅವಳು ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಬರೆದಳು: ಅಲ್ಲ ಅಂದರೆ ಹಾಗಾದರೆ ನಿಮ್ಮದೇನು ಎಂದು ಕೇಳುತ್ತಿದ್ದರು.

"ಈಗ ಬರೆದು ತೋರಿಸಿ. ಓದ್ತೀನಿ. ದಯವಿಟ್ಟು."

ಬಾಯಿಬಿಟ್ಟು ಒಂದು ಸಲ ಹೇಳುವುದಕ್ಕೆ ಆರು ವರ್ಷ ಬೇಕಾಯಿತು, ಎಂದು ಬರೆದಳು. ಆಮೇಲೆ ಆ ಹಾಳೆಯನ್ನು ಹರಿದು, ನಾಲ್ಕು ಮಡಿಕೆ ಮಡಿಸಿ, ತನ್ನ ಚೀಲದೊಳಗೆ ಹಾಕಿಕೊಂಡು ಎದ್ದುಹೋದಳು. ನಿಮ್ಮದೇ ಕತೆ ಎಂದು ಎಲ್ಲರಿಗೂ ಹೇಳಿ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅವನು ಹೂಂ ಅಥವಾ ಉಹೂಂ ಎನ್ನಬಹುದಾಗಿತ್ತು.

ಮಧ್ಯಾಹ್ನ ಕೇಂದ್ರದ ಜವಾನ ಚೀಟಿ ತಂದು ಅವಳ ಕೈಗೆ ಕೊಟ್ಟ. ಅವಳು ಓದಿ, ಸ್ವೆಟರಿನ ಗುಂಡಿ ಹಾಕಿಕೊಂಡು ಹೊರಗೆ ಹೋದಳು. ತರಬೇತಿಯ ಹುಡುಗಿಯ ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದವರ ಗಂಭೀರ ಕಳೆ ಇತ್ತು. ಕೆಳಗೆ ಇಲಾಖೆಯ ಅಧಿಕಾರಿಗೆ ತಿಳಿಸಿದ್ದಾಳೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ಲೆಕ್ಕ ಹಾಕತೊಡಗಿದ. ಏನಾಗುತ್ತದೆ? ಪರೀಕ್ಷೆಗೆ ಕಳಿಸುತ್ತಾರೆ. ಅವಳ ಕಿವಿ ನೆಟ್ಟಗಿದೆ, ಗೆರೆ ಹಾಳೆಯ ಈ ತುದಿಯಿಂದ ಆ ತುದಿಗೆ ನೇರ ಹೋಗುತ್ತದೆ, ವಾಪಸು ಕಳಿಸುತ್ತಾರೆ. ಯಾರಿಗೂ ನಷ್ಟವಿಲ್ಲ. ಲೆಕ್ಕ ಸರಿಯಾಗಿತ್ತು. ಆದರೆ ಕಿವಿ ಹಿಂಡಿದ್ದು? ಅದಕ್ಕೆ ಪರೀಕ್ಷೆ ಇಲ್ಲ. ಮಗುವನ್ನು ಹಿಂಸಿಸಿದವಳು ಎಂಬುದು ಅವಳ ಕಡತಕ್ಕೆ ಸೇರುತ್ತದೆ. ಈ ನಲವತ್ತು ಜನ ನಲವತ್ತು ಶಾಲೆಗಳಿಗೆ ಹೋಗಿ ಹೇಳುತ್ತಾರೆ. ಅವನು ಮತ್ತೊಮ್ಮೆ ಲೆಕ್ಕ ಹಾಕಿದ, ಮೊದಲಿನಿಂದ. ಎದುರು ಹುಡುಗಿ ಬಣ್ಣದ ಹಾಳೆಗಳನ್ನು ಹಂಚುತ್ತಿದ್ದಳು. ಅವನ ಕೈಗೆ ಹಳದಿ ಬಂತು. ಅದನ್ನು ಕುರ್ಚಿಯ ಮೇಲಿಟ್ಟು ಎದ್ದ. ಮೆಟ್ಟಿಲು ಇಳಿಯುವಾಗಲೂ ತಾನು ಪಾಯಿಖಾನೆಗೆ ಹೋಗುತ್ತಿದ್ದೇನೆ ಎಂದೇ ಅಂದುಕೊಂಡಿದ್ದ.

ಅಧಿಕಾರಿ ಭಾರೀ ಆಳು, ಎದೆಯಿಂದ ಬರುವ ದನಿ. ಬಾಗಿಲ ಆಚೆಯಿಂದಲೇ ಕೇಳಿಸುತ್ತಿತ್ತು: "ಇಲ್ಲಿ, ರುಜು, ಹಾಕಿ. ತಪ್ಪು, ತಿಳ್ಕೋಬೇಡಿ." ಪುಟ್ಟ ಮಗುವಿಗೆ ಹೇಳುವಂತೆ ಬಿಡಿಬಿಡಿಯಾಗಿ ಕೂಗುತ್ತಿದ್ದರು. ಅವನು ಒಳಗೆ ಹೋಗಿ ಅವಳ ಕುರ್ಚಿಯ ಪಕ್ಕ ನಿಂತು, "ಸಾರ್, ಆ ಕತೆ ಇವರದಲ್ಲ. ನನ್ನದು. ಕಿವಿ ಕೇಳದೇ ಇರೋದು ನನಗೆ. ಹುಡುಗಿಯ ಕಿವಿ ಹಿಂಡಿದ್ದೂ ನಾನೇ" ಎಂದ.

ಅಧಿಕಾರಿ ಕನ್ನಡಕದ ಮೇಲಿನಿಂದ ನೋಡಿದರು. "ಕೂತ್ಕೊಳ್ಳಿ ಮೇಷ್ಟ್ರೇ. ಯಾವ ಶಾಲೆ ನಿಮ್ಮದು?"

ಹೇಳಿದ.

"ಎಷ್ಟು ವರ್ಷ ಸರ್ವೀಸು?"

"ಇಪ್ಪತ್ತೊಂಬತ್ತು."

"ಬೆಳಿಗ್ಗೆಯಿಂದ ಏನು ತಿಂದಿದ್ದೀರಿ?"

"ಏನೂ ಇಲ್ಲ ಸಾರ್."

ಅವರು ನಕ್ಕರು. "ಮೆಲ್ಲಗೆ ಕೇಳಿದೆ, ಎಲ್ಲಕ್ಕೂ ಪಟಪಟ ಅಂತ ಉತ್ತರ ಕೊಟ್ರಿ. ನೋಡಿ, ನಿಮ್ಮದು ದೊಡ್ಡ ಮನಸ್ಸು. ಹೆಣ್ಣುಮಗಳು ಕಷ್ಟಕ್ಕೆ ಸಿಕ್ಕಿಹಾಕ್ಕೊಳ್ತಾಳೆ ಅಂತ ಬಂದಿದ್ದೀರಿ. ನಮ್ಮ ಇಲಾಖೆಯಲ್ಲಿ ಇಂಥವರು ಈಗ ಇಲ್ಲ. ಆದರೆ ಸುಳ್ಳು ಹೇಳಬಾರದು."

"ನಿಮ್ಮ ದನಿ ದಪ್ಪ ಸಾರ್, ಅದು ಕೇಳುತ್ತೆ. ಮಕ್ಕಳದು ಕೇಳಲ್ಲ. ಹೆಂಗಸರದು ಕೇಳಲ್ಲ." ಹೇಳುತ್ತಿದ್ದಂತೆ ಅದು ಎಂಥ ಕಟ್ಟುಕತೆಯಂತೆ ಕೇಳಿಸುತ್ತದೆ ಎಂದು ಅವನಿಗೇ ಅನಿಸಿತು. ಇಪ್ಪತ್ತೊಂಬತ್ತು ವರ್ಷ ಮಕ್ಕಳ ಮುಂದೆ ನಿಂತವನಿಗೆ ಮಕ್ಕಳ ದನಿಯೊಂದೇ ಕೇಳುವುದಿಲ್ಲವಂತೆ. "ಬೇಕಾದರೆ ನೋಡಿ ಸಾರ್. ನಾನು ಆ ಕಡೆ ತಿರುಗಿ ನಿಲ್ತೀನಿ. ಇವರು ಹಿಂದೆ ನಿಂತು ಏನಾದರೂ ಹೇಳಲಿ."

ಅಧಿಕಾರಿ ಆಟಕ್ಕೆ ಒಪ್ಪಿದವರಂತೆ ಕೈ ಚಾಚಿದರು. "ಆಗಲಿ. ಹೇಳಮ್ಮ, ಏನಾದರೂ ಹೇಳು."

ಅವನು ಮೇಜಿನ ಪಕ್ಕಕ್ಕೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತ. ಗೋಡೆಯ ಮೇಲೆ ವರ್ಷದ ತರಬೇತಿಗಳ ಪಟ್ಟಿ ಇತ್ತು: ತಿಂಗಳು, ವಿಷಯ, ಶಿಬಿರಾರ್ಥಿಗಳ ಸಂಖ್ಯೆ. ಓರೆಗಣ್ಣಿಗೆ ಅಧಿಕಾರಿಯ ಮುಖದ ಒಂದು ಭಾಗ ಕಾಣುತ್ತಿತ್ತು. ಅದರ ಮೇಲೆ ಇನ್ನೂ ನಗು ಇತ್ತು. ಒಂದು ಮಾತು ಹೇಳಿ ಮುಗಿಸುತ್ತಾಳೆ, ತನ್ನ ಹೆಸರೋ ಊರೋ ಏನೋ, ಎಂದುಕೊಂಡು ಅವನು ಕಾದ. ಮುಗಿಯಲಿಲ್ಲ. ಅಧಿಕಾರಿಯ ನಗು ಮೊದಲು ತುಟಿಯಿಂದ ಹೋಯಿತು, ಆಮೇಲೆ ಕಣ್ಣಿನಿಂದ. ಕೈಯಲ್ಲಿದ್ದ ಪೆನ್ನಿಗೆ ಮುಚ್ಚಳ ಹಾಕಿ ಅದನ್ನು ಮೆಲ್ಲಗೆ ಕೆಳಗಿಟ್ಟರು. ಅವರು ಈಗ ಅವನನ್ನು ಪರೀಕ್ಷಿಸುತ್ತಿರಲಿಲ್ಲ, ಅವನು ಅಲ್ಲಿರುವುದನ್ನೇ ಮರೆತಿದ್ದರು. ಅವನ ಬೆನ್ನಿನ ಹಿಂದೆ ಏನೋ ಹೇಳಲಾಗುತ್ತಿತ್ತು. ಬೆಳಿಗ್ಗೆ ಅವನ ಹಲ್ಲುಗಳ ಮುಂದೆ ಹೇಳಿದ್ದೇ ಇರಬೇಕು. ಅದೇ ಎಂದು ಅವನ ಕುತ್ತಿಗೆಯ ಹಿಂಭಾಗಕ್ಕೆ ತಿಳಿಯಿತು. ತಿರುಗಿದರೆ ತುಟಿಯಾದರೂ ಕಾಣುತ್ತದೆ, ಒಂದೆರಡು ಮಾತು ಸಿಗುತ್ತವೆ. ತಿರುಗುವಂತಿರಲಿಲ್ಲ. ಪಟ್ಟಿಯ ಮೇಲಿನ ಸಂಖ್ಯೆಗಳನ್ನು ಕೂಡಿಸತೊಡಗಿದ, ನಲವತ್ತು, ಮೂವತ್ತೆಂಟು, ನಲವತ್ತೈದು. ನಡುವೆ ತಪ್ಪಿತು, ಮತ್ತೆ ಶುರುಮಾಡಿದ. ಅಧಿಕಾರಿ ಲೋಟಕ್ಕೆ ನೀರು ಬಗ್ಗಿಸಿ ಮೇಜಿನ ಆ ಅಂಚಿಗೆ ಸರಿಸಿದರು. "ಕುಡಿಯಮ್ಮ" ಎಂದರು. ಕೂಗದೆ, ಸಾಧಾರಣವಾಗಿ.

"ತಿರುಗಿ ಮೇಷ್ಟ್ರೇ" ಎಂದಾಗ ತಿರುಗಿದ. ಕುರ್ಚಿ ಖಾಲಿಯಾಗಿತ್ತು. ಲೋಟದಲ್ಲಿ ನೀರು ಅರ್ಧ ಇತ್ತು.

"ಒಂದು ಮಾತೂ ಕೇಳಿಸಲಿಲ್ಲವಾ?"

"ಇಲ್ಲ ಸಾರ್."

"ಒಂದೂ?"

"ಫ್ಯಾನು ಕೇಳಿಸ್ತು."

ಅಧಿಕಾರಿ ನಂಬಿದ್ದರು, ಅದು ಮುಖದಲ್ಲೇ ಗೊತ್ತಾಗುತ್ತಿತ್ತು.

"ಏನಂದ್ರು ಸಾರ್ ಅವರು?"

"ಅದನ್ನ ಬೆಳಿಗ್ಗೆ ನಿಮಗೆ ಹೇಳಿದಾರೆ. ನನ್ನ ಬಾಯಿಂದ ಹೇಳಿಸಬೇಡಿ." ಅವಳ ಮುಂದಿದ್ದ ನಮೂನೆಯನ್ನು ಎಳೆದುಕೊಂಡು, ಅದರಲ್ಲಿದ್ದ ಹೆಸರನ್ನು ಹೊಡೆದುಹಾಕಿ, ಪಕ್ಕದಲ್ಲಿ ಬರೆಯತೊಡಗಿದರು. "ಸೋಮವಾರದಿಂದ ತರಗತಿಗೆ ಹೋಗಬೇಡಿ. ಆಸ್ಪತ್ರೆಯ ವರದಿ ಬರೋವರೆಗೂ ಆಫೀಸ್ ಕೆಲಸ ನೋಡ್ಕೊಳ್ಳಿ. ಮಗುವಿನ ವಿಷಯ ಬೇರೆ. ಅದಕ್ಕೆ ನೋಟೀಸು ಬರುತ್ತೆ, ಉತ್ತರ ಕೊಡಬೇಕು."

"ಕೊಡ್ತೀನಿ ಸಾರ್. ಆ ಪಟ್ಟಿ ಒಂದನ್ನ ಸರಿಮಾಡಬೇಕು. ಹನ್ನೊಂದು ಮಕ್ಕಳು. ಸೋಮವಾರ ಒಂದು ದಿನ ಬಿಟ್ಟರೆ ಹೋಗಿ..."

"ಪಟ್ಟಿ ಮೇಲಕ್ಕೆ ಹೋಗಿ ಎಷ್ಟು ದಿನ ಆಯ್ತು. ನಿಮ್ಮ ಹೆಡ್ ಟೀಚರ್‌ಗೆ ಹೇಳಿ, ಅವರು ಬರೆದು ಕಳಿಸಲಿ. ನೀವು ಇನ್ನು ಅದನ್ನ ಮುಟ್ಟೋ ಹಾಗಿಲ್ಲ." ಕಾಗದ ಅವನ ಕಡೆ ತಿರುಗಿತು. ಅವನು ರುಜು ಹಾಕಿದ.

ಹೊರಗೆ ಬಂದಾಗ ಮೊಗಸಾಲೆಯಲ್ಲಿ ಯಾರೂ ಇರಲಿಲ್ಲ. ಗೇಟಿನವರೆಗೂ ನೋಡಿದ. ನೀಲಿ ಬಣ್ಣ ಎಲ್ಲೂ ಕಾಣಲಿಲ್ಲ. ಮೇಲಿನ ಸಭಾಂಗಣದಲ್ಲಿ ತರಬೇತಿ ನಡೆದೇ ಇತ್ತು, ಚಪ್ಪಾಳೆಯ ಸಪ್ಪಳ ಮೆಟ್ಟಿಲು ಇಳಿದು ಬಂತು. ಅವನು ಸೈಕಲ್ ನಿಲ್ಲಿಸುವ ಚಾವಣಿಯ ಕೆಳಗೆ ಹೋಗಿ ಫೋನು ತೆಗೆದು ಹೆಡ್ ಟೀಚರ್ ಅಮ್ಮನಿಗೆ ಕರೆ ಮಾಡಿದ. ಎರಡು ವರ್ಷದಿಂದ ಅವನು ಅವರಿಗೆ ಫೋನು ಮಾಡಿದವನಲ್ಲ, ಏನಿದ್ದರೂ ಬರೆದು ಕಳಿಸುತ್ತಿದ್ದ. ಅವರದು ತೀರ ಸಣ್ಣ ದನಿ. ಗಂಟೆ ಹೊಡೆಯುವುದು ನಿಂತಿತು, ಎತ್ತಿಕೊಂಡರು ಎಂದು ತಿಳಿಯಿತು. ನೀವು ಏನು ಹೇಳಿದರೂ ನನಗೆ ಕೇಳಿಸುವುದಿಲ್ಲ ಮೇಡಂ, ಸುಮ್ಮನೆ ಕೇಳಿಸಿಕೊಳ್ಳಿ, ಎಂದು ಶುರುಮಾಡಿದ. ಹುಡುಗಿಯ ಗುರುತು ಹೇಳಲು ಹೊರಟು ನಿಂತ, ಆಮೇಲೆ ಹಾಜರಿ ಪುಸ್ತಕದ ಕ್ರಮಸಂಖ್ಯೆಯಿಂದ ಅವಳ ಹೆಸರನ್ನು ನೆನಪಿಗೆ ತಂದುಕೊಂಡು ಹೆಸರು ಹಿಡಿದೇ ಹೇಳಿದ. ಅವಳ ಉತ್ತರ ಸರಿ ಇತ್ತು. ತಪ್ಪು ನನ್ನದು. ಹನ್ನೊಂದು ಮಕ್ಕಳನ್ನೂ ಜಗಲಿಯಿಂದ ಒಳಗೆ ಕರೆದು ಕೂರಿಸಿ, ಬರೆಸಿ ನೋಡಿ, ಬಾಯಲ್ಲಿ ನೀವೇ ಕೇಳಿ ನೋಡಿ. ಕಿವಿ ಹಿಂಡಿದ್ದನ್ನು ಹೇಳಿದ. ಪುಸ್ತಕ ಮುಚ್ಚಿದ್ದನ್ನು ಹೇಳಿದ, ಹಿಂದಿನ ಬಾಗಿಲಿನಿಂದ ಓಡಾಡುವುದನ್ನೂ ಹೇಳಿದ. ಅವಳ ತಾಯಿಗೆ ಹೇಳಿಕಳಿಸಿ ಮೇಡಂ, ನಾನೇ ಬಂದು ಅವರ ಮುಂದೆ ನಿಲ್ಲುತ್ತೇನೆ. ಮಾತು ಮುಗಿದ ಮೇಲೂ ಫೋನನ್ನು ಬಲಗಿವಿಗೆ ಒತ್ತಿ ಹಿಡಿದಿದ್ದ. ಆ ಕಡೆಯಿಂದ ಏನಾದರೂ ಬರುತ್ತಿದೆಯೋ, ಬಂದು ಮುಗಿಯಿತೋ, ಬೈಗುಳವೋ ಮೌನವೋ, ಯಾವುದೂ ತಿಳಿಯಲಿಲ್ಲ. ಕೊನೆಗೆ ತೆಗೆದು ನೋಡಿದ. ಕರೆ ಯಾವಾಗಲೋ ಕಡಿದುಹೋಗಿತ್ತು. ನಲವತ್ತು ಸೆಕೆಂಡು ಎಂದು ತೋರಿಸುತ್ತಿತ್ತು. ನಲವತ್ತು ಸೆಕೆಂಡಿಗೆ ತಾನು ಯಾವ ಮಾತಿನವರೆಗೆ ಬಂದಿದ್ದೆ ಎಂದು ಯೋಚಿಸಿದ, ಲೆಕ್ಕ ಸಿಗಲಿಲ್ಲ. ಮತ್ತೆ ಕರೆ ಮಾಡಿದ. ಗಂಟೆ ನಿಂತದ್ದು ಗೊತ್ತಾದ ಕೂಡಲೇ, ಮೊದಲಿನಿಂದ ಹೇಳತೊಡಗಿದ.